ಹಲ್ಲಿನ ಬ್ರಿಡ್ಜೂ ಶ್ರಾವಣದ ಶಂಖವೂ

ನಾಲಿಗೆಯಷ್ಟು ಕೆಟ್ಟ ಕುತೂಹಲದ ಅಂಗ ಇನ್ನೊಂದಿಲ್ಲ ಕಣ್ರೀ. ಬಾಯಲ್ಲಿ ಅಷ್ಟೊಂದು ಹಲ್ಲು ಗಟ್ಟಿಯಾಗಿ ಕೂತಿರಲಿ, ಅವುಗಳ ಕಡೆ ಅದು ತಲೆ ಹಾಕಿಯೂ ಮಲಗುವುದಿಲ್ಲ. ಒಂದು ಹಲ್ಲು ಚೂರು ಅಲ್ಲಾಡಿತೋ, ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಠಿಕಾಣಿ. ಈ ಸಲ ಆಷಾಢದ ಕೊನೆಯ ವಾರ ನನ್ನ ನಾಲಿಗೆ ಹೀಗೆ ಮೇಲಿನ ಸಾಲಿನ ಮುಂದಿನ ಹಲ್ಲಿನ ಹಿಂದೆ ಠಿಕಾಣಿ ಹೂಡಿತು. ಒತ್ತಿದರೆ ಅದು ಮುಂದೆ ಹೋಗುತ್ತಿತ್ತು, ಬಿಟ್ಟರೆ ವಾಪಸ್ಸು ಬರುತ್ತಿತ್ತು. ಟೀ ಕುಡಿಯುವಾಗ, ಬಸ್ಸಿಗೆ ಕಾಯುವಾಗ, ಹೆಂಡತಿ ಏನೋ ಮುಖ್ಯವಾದದ್ದು ಹೇಳುವಾಗ, ನಾನು ಒಳಗೊಳಗೇ ಒತ್ತಿ ಬಿಡುತ್ತ ಇರುತ್ತಿದ್ದೆ.

ಅದು ನನ್ನ ಸ್ವಂತ ಹಲ್ಲಲ್ಲ, ಬ್ರಿಡ್ಜು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಂದು ಹಲ್ಲು ಹೋದ ಜಾಗದಲ್ಲಿ ಸುಳ್ಳು ಹಲ್ಲು ನಿಲ್ಲಿಸಲು ಅದರ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ, ಮೂರಕ್ಕೂ ಸೇರಿಸಿ ಒಂದೇ ಟೋಪಿ ತೊಡಿಸಿ ಸಿಮೆಂಟು ಹಾಕಿ ಕೂರಿಸುತ್ತಾರೆ. ನಡುವಿನವನಿಗೆ ಕಾಲೇ ಇಲ್ಲ. ಆ ಕಡೆ ಈ ಕಡೆಯವರು ಹೆಗಲು ಕೊಟ್ಟು ಹೊತ್ತುಕೊಂಡಿರುತ್ತಾರೆ. ಒಂಬತ್ತು ವರ್ಷ ನನ್ನವರು ಚೆನ್ನಾಗಿಯೇ ಹೊತ್ತಿದ್ದರು.

ಮೂಲ ಹಲ್ಲು ಹೋದ ಕಥೆಯನ್ನು ನಾನು ಸಾಮಾನ್ಯವಾಗಿ ಯಾರಿಗೂ ಹೇಳುವುದಿಲ್ಲ. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಟರ್ನರ್. ಲೇತ್ ಮಿಷನ್ನಿನಲ್ಲಿ ಕಬ್ಬಿಣದ ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ ಚಕ್ ಅನ್ನುತ್ತಾರೆ. ಅದನ್ನು ಬಿಗಿ ಮಾಡಲು ಒಂದು ಚಾವಿ ಇರುತ್ತದೆ, ಗೇಣುದ್ದದ ಉಕ್ಕಿನದು. ಬಿಗಿ ಮಾಡಿದ ತಕ್ಷಣ ಚಾವಿ ತೆಗೆಯಬೇಕು, ಆಮೇಲೆ ಸ್ವಿಚ್ ಒತ್ತಬೇಕು. ನಮ್ಮ ಕಸುಬಿಗೆ ಬಂದವರಿಗೆ ಮೊದಲ ದಿನ ಹೇಳುವ ಮಾತೇ ಇದು, ಮತ್ತು ನಮ್ಮಲ್ಲಿ ಅದನ್ನು ಹೇಳುವ ಹಿರಿಯ ನಾನೇ. ಆವತ್ತು ಹೊಸದಾಗಿ ಸೇರಿದ ಮೂವರ ಮುಂದೆ ಭಾಷಣ ಬಿಗಿಯುತ್ತಿದ್ದೆ: "ಚಾವಿ ಚಕ್ಕಲ್ಲೇ ಬಿಟ್ಟು ಸ್ವಿಚ್ ಒತ್ತಿದ್ರೆ ಏನಾಗತ್ತೆ ಗೊತ್ತೇನ್ರಪ್ಪ?" ಅಂದೆ. ಮಾತಿನ ಭರದಲ್ಲಿ ಸ್ವಿಚ್ಚನ್ನೂ ಒತ್ತಿದೆ. ಚಾವಿ ಚಕ್ಕಲ್ಲೇ ಇತ್ತು, ಹಾರಿ ಬಂದು ನನ್ನ ಬಾಯಿಗೇ ಬಡಿಯಿತು. ಏನಾಗುತ್ತದೆ ಅಂತ ಮೂವರಿಗೂ ಗೊತ್ತಾಯಿತು. ಅವರಲ್ಲಿ ಯಾರೂ ಇವತ್ತಿನವರೆಗೆ ಆ ತಪ್ಪು ಮಾಡಿಲ್ಲ, ಅಷ್ಟರಮಟ್ಟಿಗೆ ನಾನು ಒಳ್ಳೆಯ ಮೇಷ್ಟ್ರು.

ಹಾಲುಹಲ್ಲು ಬಿದ್ದಾಗ ಇಷ್ಟೆಲ್ಲ ರಗಳೆ ಇರಲಿಲ್ಲ. ಸಗಣಿ ಉಂಡೆಯೊಳಗೆ ಹಲ್ಲಿಟ್ಟು ಹೆಂಚಿನ ಮೇಲೆ ಎಸೆದುಬಿಟ್ಟರೆ ಹೊಸದು ತಾನಾಗಿ ಬರುತ್ತಿತ್ತು. ಆಗ ದಾಸರಹಳ್ಳಿ ನಿಜವಾಗಿ ಹಳ್ಳಿಯೇ. ನಮ್ಮ ಮನೆಯ ಹೆಂಚಿನ ಮೇಲೆ ಮೂರು ತಲೆಮಾರಿನ ಹಲ್ಲುಗಳಿದ್ದಿರಬೇಕು. ಈಗ ಅದೇ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಎಸೆದ ಹಲ್ಲು ಎರಡನೇ ಮಹಡಿಯವರ ಒಣಹಾಕಿದ ಬಟ್ಟೆಯ ಮೇಲೆ ಬಿದ್ದು ಜಗಳ ಶುರುವಾಗುತ್ತದೆ ಅಷ್ಟೆ.

ಬ್ರಿಡ್ಜು ಸಡಿಲವಾದದ್ದನ್ನು ಹೆಂಡತಿ ಜಯಮ್ಮನಿಗೆ ನಾನು ಹೇಳಲಿಲ್ಲ. ಕಾರಣ ಇತ್ತು. "ಒಸಡು ಕೆಂಪಾಗಿದೆ, ಡಾಕ್ಟ್ರ ಹತ್ರ ಒಂದ್ಸಲ ಹೋಗ್ಬನ್ನಿ" ಅಂತ ಯುಗಾದಿಯಿಂದಲೇ ಅವಳು ಹೇಳುತ್ತಿದ್ದಳು. ಈಗ ಹೇಳಿದರೆ ಅವಳ ಮಾತೇ ನಿಜವಾಗುತ್ತದೆ. ಮುಚ್ಚಿಡುವುದಕ್ಕೆ ನಮ್ಮ ಊಟವೂ ಅನುಕೂಲವಾಗಿತ್ತು. ಮುದ್ದೆ ತಿನ್ನುವವರಿಗೆ ಹಲ್ಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮುರಿ, ಸಾರಲ್ಲಿ ಅದ್ದು, ನುಂಗು. ಅಷ್ಟರಲ್ಲಿ ಶ್ರಾವಣ ಬಂತು. ನಮ್ಮದು ದಾಸಯ್ಯನ ಮನೆತನ, ಶ್ರಾವಣದಲ್ಲಿ ಮಾಂಸ ಮಾಡುವುದಿಲ್ಲ, ಮೂಳೆ ಕಡಿಯುವ ಪ್ರಸಂಗವೂ ತಪ್ಪಿತು. ಕೋಡುಬಳೆ ಮಾಡಿದ ದಿನ ಮಾತ್ರ ಹೊಟ್ಟೆ ಸರಿಯಿಲ್ಲ ಅಂದೆ. "ನಿಮ್ಗೆ? ಕೋಡುಬಳೆ ಬೇಡ್ವಾ?" ಅಂತ ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಬ್ರಿಡ್ಜು ಸಡಿಲವಾದರೆ ಏನು ಮಾಡಬೇಕು ಅಂತ ಬೇರೆಯವರಿಗೆ ಗೊತ್ತಿಲ್ಲದಿರಬಹುದು, ಮೂವತ್ತೈದು ವರ್ಷ ಒಂದರೊಳಗೊಂದು ಭಾಗ ಕೂರಿಸುವ ಕೆಲಸ ಮಾಡಿದವನಿಗೆ ಗೊತ್ತಿಲ್ಲವೇ? ಮೊದಲು ಅಳತೆ ತೆಗೆಯಬೇಕು. ನಮ್ಮಲ್ಲಿ ಫೀಲರ್ ಗೇಜ್ ಅಂತ ಇದೆ, ಕೂದಲಿನಷ್ಟು ತೆಳ್ಳನೆಯದರಿಂದ ಶುರುವಾಗುವ ಉಕ್ಕಿನ ಪಟ್ಟಿಗಳ ಗೊಂಚಲು. ಎರಡು ಭಾಗಗಳ ಸಂದಿಗೆ ಒಂದೊಂದೇ ಪಟ್ಟಿ ತೂರಿಸಿ ಎಷ್ಟು ಸಡಿಲ, ನಮ್ಮ ಮಾತಲ್ಲಿ ಪ್ಲೇ, ಇದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಹೇಳಬಹುದು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದನ್ನು ಸೋಪು ಹಾಕಿ ತೊಳೆದು, ಕೈ ತೊಳೆಯುವ ಕಡೆಯ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದೆ. ಪಟ್ಟಿ ಬ್ರಿಡ್ಜಿನ ಕೆಳಗೆ ಹೋಗಿ ಕೂತ ಹೊತ್ತಿಗೆ ಸರಿಯಾಗಿ ಪಕ್ಕದ ಮಿಲ್ಲಿಂಗ್ ಮಿಷನ್ನಿನ ಶಫಿ ಬಂದ.

"ಏನ್ ಗುರು, ಬಾಯಿ ಸರ್ವೀಸಿಗೆ ಬಿಟ್ಟಿದ್ದೀಯಾ?"

"ಪಾಯಿಂಟ್ ಒನ್ ಫೈವ್ ಪ್ಲೇ ಇದೆ ಶಫಿ," ಅಂದೆ, ಪಟ್ಟಿ ಬಾಯಲ್ಲೇ ಇಟ್ಟುಕೊಂಡು.

ಶಫಿ ಗಂಭೀರವಾಗಿ ಬಗ್ಗಿ ನೋಡಿದ. ನಮ್ಮ ಜನವೇ ಹಾಗೆ, ಅಳತೆ ಹೇಳಿದರೆ ನಗುವುದನ್ನು ಮರೆಯುತ್ತಾರೆ. "ಅಷ್ಟು ಪ್ಲೇಗೆ ಬೇರಿಂಗ್ ಕೂರ್ಸೋ ಅಂಟು ಸಾಕಲ್ಲ?" ಅಂದ. ನನಗೂ ಅದೇ ತಲೆಯಲ್ಲಿತ್ತು. ಸ್ಟೋರಿನಿಂದ ಹಸಿರು ಅಂಟಿನ ಬಾಟಲಿ ತಂದು ಮುಚ್ಚಳವನ್ನೂ ತೆಗೆದೆವು. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ಶಫಿ ಓದತೊಡಗಿದ. ಒಮ್ಮೆ ಹಿಡಿದ ಭಾಗವನ್ನು ಬಿಚ್ಚಬೇಕಾದರೆ ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ ಸುತ್ತಿಗೆಯಿಂದ ಹೊಡೆಯಬೇಕು ಅಂತಿತ್ತು. "ಇರ್ಲಿ ಬಿಡು ಗುರು," ಅಂತ ಅವನೇ ಮುಚ್ಚಳ ಹಾಕಿದ.

ಇಷ್ಟು ನಗೆಪಾಟಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಇನ್ನು ನಮ್ಮ ಚಿಕ್ಕಪ್ಪನ ವಿಷಯ ಹೇಳಬೇಕು.

ದಾಸಯ್ಯನ ಮನೆತನ ಅಂದೆನಲ್ಲ, ಶ್ರಾವಣ ಶನಿವಾರಗಳಲ್ಲಿ ಹಣೆಗೆ ನಾಮ ಹಾಕಿ, ಶಂಖ ಊದಿ ಜಾಗಟೆ ಬಡಿಯುವುದು ನಮ್ಮ ಪಾಲಿಗೆ ಬಂದ ಸೇವೆ. ಮೊದಲು ನಮ್ಮ ಮನೆಯ ಬಾಗಿಲಲ್ಲಿ, ಆಮೇಲೆ ಊರಿನ ಹಳೇ ಒಕ್ಕಲು ಮನೆಗಳ ಮುಂದೆ. ನನಗಿಂತ ಮೊದಲು ಅದನ್ನು ಮಾಡುತ್ತಿದ್ದವರು ನಮ್ಮ ತಿಮ್ಮಯ್ಯ ಚಿಕ್ಕಪ್ಪ. ನನಗೆ ಹತ್ತು ವರ್ಷವಾಗಿದ್ದಾಗ ಕೆರೆ ಏರಿಯ ಮೇಲೆ ನಿಲ್ಲಿಸಿ ಊದಲು ಕಲಿಸಿದರು. ಮೊದಲು ಶಂಖ ಕೈಗೆ ಕೊಡಲಿಲ್ಲ. ಕುಂಬಳ ಎಲೆಯ ದೇಟು ಕಿತ್ತು ಪೀಪಿ ಮಾಡಿ ಕೊಟ್ಟರು. ಅದರಲ್ಲಿ ತಿಂಗಳುಗಟ್ಟಲೆ ಊದಿ ಅಮ್ಮನ ಕೈಲಿ ಬೈಸಿಕೊಂಡ ಮೇಲೆ ಶಂಖ ಬಂತು. ಊದಿದರೆ ಪುಸ್. ಮತ್ತೆ ಊದಿದರೆ ಮತ್ತೆ ಪುಸ್. "ಕೆನ್ನೆ ಉಬ್ಬುಸ್ಬೇಡ ಕಣ್ಲಾ. ತುಟೀಗೆ ಅಂಟಿರೋ ರಾಗಿಕಾಳು ಉಗುಳ್ತಿಯಲ್ಲ, ಅಂಗೆ ಊದು," ಅನ್ನುತ್ತಿದ್ದರು. ಒಂದು ಸಂಜೆ ಇದ್ದಕ್ಕಿದ್ದಂತೆ ಶಂಖ ಕೂಗಿತು. ಹೆದರಿ ನಾನೇ ಕೈಬಿಟ್ಟೆ. ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದವರು ಅವರು. ಬೈಯಲಿಲ್ಲ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಗೆ ಬಂದರು.

ಆಮೇಲೆ ಅವರು ಪೀಣ್ಯದ ಪ್ರೆಸ್ ಶಾಪೊಂದರಲ್ಲಿ ಕೆಲಸಕ್ಕೆ ಸೇರಿದರು. ದಿನವಿಡೀ ತಗಡಿನ ಮೇಲೆ ಧಡ್ ಧಡ್ ಅಂತ ಪ್ರೆಸ್ ಬೀಳುವ ಕಡೆ ಮೂವತ್ತು ವರ್ಷ. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರಂತೆ, ಅಷ್ಟೆ. ಈಗ ಎಂಬತ್ತನಾಲ್ಕು ವರ್ಷ, ಚಿಕ್ಕಮ್ಮ ಹೋಗಿ ಕಾಲವಾಯಿತು, ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಮನುಷ್ಯರ ಮಾತು ಕೇಳುವುದಿಲ್ಲ. ಕಾಲಿಂಗ್ ಬೆಲ್ ಕೇಳುವುದಿಲ್ಲ, ಕುಕ್ಕರ್ ಕೂಗಿದ್ದು ಕೇಳುವುದಿಲ್ಲ, ಮೂಗಿನ ಮುಂದೆ ಬಡಿದ ಜಾಗಟೆಯೂ ಕೇಳುವುದಿಲ್ಲ. ಕಿವಿಗೆ ಮಿಷನ್ ಕೊಡಿಸಿದೆವು; "ಕಿವಿಯೊಳ್ಗೆ ಸಂತೆ ಕೂತಂಗಾಯ್ತದೆ" ಅಂತ ತೆಗೆದಿಟ್ಟರು. ಆದರೆ ಶಂಖ ಒಂದು ಕೇಳುತ್ತಿತ್ತು. ದಪ್ಪ ದನಿಯಲ್ಲವೇ, ಅದಕ್ಕಿರಬೇಕು. ಶ್ರಾವಣದ ಶನಿವಾರಗಳಲ್ಲಿ ನಾನು ಊದಿದಾಗ ಆ ಮುಖದಲ್ಲಿ ಬರುತ್ತಿದ್ದ ಕಳೆಯನ್ನು ನೋಡಬೇಕಿತ್ತು ನೀವು. ಇಡೀ ವರ್ಷದಲ್ಲಿ ಲೋಕದಿಂದ ಅವರ ಒಳಗೆ ಹೋಗುತ್ತಿದ್ದ ಸದ್ದು ಅದೊಂದೇ.

ಮೊದಲ ಶ್ರಾವಣ ಶನಿವಾರ ಬಂತು. ನಾಮ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಜಯಮ್ಮ ಆರತಿ ಹಿಡಿದಿದ್ದಳು, ಬಾಡಿಗೆಯವರೂ ಮೆಟ್ಟಿಲ ಮೇಲೆ ಸೇರಿದ್ದರು. ಚಿಕ್ಕಪ್ಪ ಒಳಗೆ ತಮ್ಮ ಮಂಚದ ಮೇಲೆ ಕೂತಿದ್ದರು, ಶಂಖಕ್ಕೆ ಕಾಯುತ್ತ. ತುಟಿಗೆ ಶಂಖ ಒತ್ತಿದೆ. ಬ್ರಿಡ್ಜು ಕಟಕ್ ಅಂತ ಅಲ್ಲಾಡಿತು. ಜೋರಾಗಿ ಊದಿದರೆ ಮೂರು ಹಲ್ಲೂ ಶಂಖದೊಳಗೆ ಹೋಗಿ ಕೂರುತ್ತವೆ ಅನ್ನಿಸಿತು. ಎಲ್ಲರ ಮುಂದೆ! ಪೀಣ್ಯದಲ್ಲಿ ಇವನು ಕೂರಿಸಿದ್ದು ಅಲ್ಲಾಡಲ್ಲ ಅಂತ ಹೆಸರು ತಗೊಂಡವನು ನಾನು. ಏನು ಮಾಡಿದೆ ಗೊತ್ತೇ? ಕೆನ್ನೆ ಉಬ್ಬಿಸಿ ಊದಿದ ಹಾಗೆ ನಟಿಸಿದೆ. ಪುಸ್ ಅಂತ ಗಾಳಿ ಬಂತು. ಅದು ಯಾರಿಗೂ ಕೇಳದ ಹಾಗೆ ಶಂಖ ಹಿಡಿದ ಕೈಗೆ ಜೋತುಬಿಟ್ಟಿದ್ದ ಜಾಗಟೆಯನ್ನು ಇನ್ನೊಂದು ಕೈಯ ಕೋಲಿನಿಂದ ಒಂದೇ ಸಮನೆ ಬಡಿದೆ. ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಗೋವಿಂದ ಅಂದರು, ಪ್ರಸಾದ ತಗೊಂಡರು, ಹೋದರು. ಬಚಾವಾದೆ ಅಂದುಕೊಂಡೆ. ಒಕ್ಕಲು ಮನೆಗಳಿಗೆ ಜ್ವರ ಅಂತ ಹೇಳಿ ಕಳಿಸಿದೆ.

ಸೋಮವಾರ ಕೆಲಸದಿಂದ ಬಂದಾಗ ಜಯಮ್ಮ ಬಾಗಿಲಲ್ಲೇ ತಡೆದಳು. "ಮಾವ ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣ್ರೀ. ಗೋಡೆ ಕಡೆ ತಿರುಗಿ ಮಲ್ಕೊಂಡವ್ರೆ. ಇವತ್ತು ಏನಂದ್ರು ಗೊತ್ತಾ? 'ಶನಿವಾರ ರಂಗ ಊದಿದ್ದು ಕೇಳ್ಲಿಲ್ಲ ಕಣವ್ವ. ಇದ್ದಿದ್ದೊಂದೂ ಓಯ್ತು. ಪೂರ್ತಿ ಕಲ್ಲಾಗ್ಬುಟ್ಟೆ' ಅಂದ್ರು."

ನಾನು ಚಪ್ಪಲಿ ಬಿಚ್ಚುತ್ತಿದ್ದವನು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಥೂ ನಿನ್ನ ಅಂತ ನನಗೆ ನಾನೇ ಬೈದುಕೊಂಡೆ. ಮೂರು ಹಲ್ಲಿನ ಮಾನ ಉಳಿಸಿಕೊಳ್ಳಲು ಹೋಗಿ ಆ ಮುದುಕರಿಗೆ ಎಂಥ ಸುಳ್ಳು ಹೇಳಿಬಿಟ್ಟಿದ್ದೆ! ಎಲ್ಲವನ್ನೂ ಜಯಮ್ಮನಿಗೆ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. "ಮೊದ್ಲು ಅವರಿಗೆ ಹೇಳಿ ಹೋಗಿ," ಅಂದಳು ಅಷ್ಟೆ.

ಹೇಳುವುದು ಹೇಗೆ? ಕಿರುಚಿದರೆ ಕೇಳುವುದಿಲ್ಲ, ಬರೆದು ತೋರಿಸೋಣವೆಂದರೆ ಅವರಿಗೆ ಓದು ಬರುವುದಿಲ್ಲ. ಮಂಚದ ಹತ್ತಿರ ಹೋಗಿ ಅವರನ್ನು ಈ ಕಡೆ ತಿರುಗಿಸಿದೆ. ಶಂಖ ತೋರಿಸಿದೆ, ಹಲ್ಲು ತೋರಿಸಿದೆ, ಇಲ್ಲ ಇಲ್ಲ ಅಂತ ಕೈಯಾಡಿಸಿದೆ. ಅವರಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಬಾಯಿಗೆ ಎರಡು ಬೆರಳು ಹಾಕಿ ಬ್ರಿಡ್ಜನ್ನು ಎಳೆದೇಬಿಟ್ಟೆ. ಬಂತು. ಅದನ್ನು ಅವರ ಅಂಗೈಯಲ್ಲಿಟ್ಟು, ಆ ಕಂಡಿಯಿಂದ ಪುಸ್ ಪುಸ್ ಅಂತ ಊದಿ ತೋರಿಸಿದೆ. ಚಿಕ್ಕಪ್ಪ ಅಂಗೈ ನೋಡಿದರು, ನನ್ನ ಬಾಯಿ ನೋಡಿದರು. ನಿಧಾನವಾಗಿ ಅರ್ಥವಾಯಿತು.

"ಅಂಗಂದ್ರೆ ನೀನು ಊದ್ಲೇ ಇಲ್ವೇನ್ಲಾ ಕಳ್ನನ್ಮಗನೆ?"

ಹೌದೆಂದು ತಲೆಯಾಡಿಸಿದೆ. ಅವರು ನಕ್ಕರು ನೋಡಿ, ಮಂಚ ಅಲುಗುವಷ್ಟು ನಕ್ಕರು. ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. "ಅಂಗಾದ್ರೆ ನನ್ ಕಿವಿ ಓಗಿಲ್ಲ, ನಿನ್ ಅಲ್ಲು ಓಗಿರಾದು! ಬೇಗ ಆಕುಸ್ಕಂಡು ಬಾರ್ಲಾ," ಅಂದರು. ಆವತ್ತು ಎರಡು ಮುದ್ದೆ ಉಂಡರು.

ಮರುದಿನವೇ ಬ್ರಿಡ್ಜನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬೇಕರಿಯ ಮೇಲಿರುವ ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮನಿಗೆ ನನ್ನ ಮಗಳ ವಯಸ್ಸು. ಕಾಗದ ಬಿಚ್ಚಿ, "ಕಾಗದದಲ್ಲಿ ಸುತ್ತಿದ್ರೆ ಕಸ ಅಂತ ಯಾರಾದ್ರೂ ಎಸೆದ್ಬಿಡ್ತಾರೆ ಅಂಕಲ್, ಡಬ್ಬೀಲಿ ಹಾಕಿ ತರ್ಬೇಕು. ಎಷ್ಟು ದಿನದಿಂದ ಲೂಸ್ ಇತ್ತು?" ಅಂದರು.

"ಪಾಯಿಂಟ್ ಒನ್ ಫೈವ್ ಇತ್ತು ಮೇಡಂ."

"ಅಳತೆ ತಗೊಂಡ್ರಾ?" ಅವರು ಕೈಲಿದ್ದ ಕನ್ನಡಿ ಕೆಳಗಿಟ್ಟರು. ಗೇಜಿನ ಕಥೆ, ಅಂಟಿನ ಕಥೆ ಎಲ್ಲ ಹೇಳಿದೆ. ಅವರು ನಗು ತಡೆದುಕೊಂಡೇ ಬುದ್ಧಿ ಹೇಳಿದರು. ಅಲ್ಲಾಡಿದ ದಿನವೇ ಬರಬೇಕಿತ್ತು. ನಾಲಿಗೆಯಲ್ಲಿ ಆಡಿಸಬಾರದಿತ್ತು, ಎಳೆಯಬಾರದಿತ್ತು. ಬರುವವರೆಗೆ ಆ ಕಡೆಯಿಂದ ಗಟ್ಟಿ ಪದಾರ್ಥ ಕಚ್ಚದೆ, ಮೆತ್ತಗೆ ಉಜ್ಜಿ ಶುಚಿಯಾಗಿಟ್ಟುಕೊಳ್ಳಬೇಕಿತ್ತು. ಅಂಟಿನ ಮಾತನ್ನಂತೂ ಎರಡು ಸಲ ಹೇಳಿದರು. ಬರೀ ಸಿಮೆಂಟು ಕರಗಿದ್ದರೆ ತೊಳೆದು ಮತ್ತೆ ಕೂರಿಸಬಹುದಿತ್ತಂತೆ. ಆದರೆ ಎಡಗಡೆಯ ಆಧಾರದ ಹಲ್ಲು ಟೋಪಿಯೊಳಗೇ ಹುಳುಕಾಗಿತ್ತು. "ಮೊದಲೇ ಬಂದಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. ಈಗ ರೂಟ್ ಕೆನಾಲ್ ಮಾಡಿ ಹೊಸ ಬ್ರಿಡ್ಜ್ ಮಾಡಿಸ್ಬೇಕು. ಅಲ್ಲೀವರ್ಗೂ ಶಂಖ ಮುಟ್ಟೋ ಹಾಗಿಲ್ಲ," ಅಂದರು. ಎರಡು ಶನಿವಾರ ಹೋಯಿತು ಅಂತ ಲೆಕ್ಕ ಹಾಕಿದೆ.

ಆ ದಿನಗಳಲ್ಲಿ ನನ್ನ ಹಲ್ಲಿಗೆ ನನಗಿಂತ ಹೆಚ್ಚು ಕಾದವರು ಚಿಕ್ಕಪ್ಪ. ಸಂಜೆ ಗೇಟು ತೆಗೆಯುತ್ತಿದ್ದಂತೆ "ಅಲ್ಲು ಬಂತೇನ್ಲಾ?" ಅನ್ನುವರು. ಇಲ್ಲ ಅಂತ ತಲೆಯಾಡಿಸಿದರೆ "ಆಗ್ಲಿ, ಅವಸರ ಮಾಡ್ಬ್ಯಾಡ, ಗಟ್ಟಿಯಾಗಿ ಆಕುಸ್ಕೊ" ಅಂತ ಅವರೇ ಸಮಾಧಾನ ಹೇಳುವರು. ಒಂದು ದಿನ ಜಯಮ್ಮ ಮೊಬೈಲಿನಲ್ಲಿ ಯಾರೋ ಶಂಖ ಊದುವ ವಿಡಿಯೋ ಹಾಕಿ ಅವರ ಕಿವಿಗೆ ಹಿಡಿದಳು. ಅವರು ಅದನ್ನು ತಗೊಂಡು ಕಣ್ಣ ಮುಂದೆ ಹಿಡಿದು, "ಯಾರವ್ವ ಇದು, ಚೆನ್ನಾಗವ್ರೆ" ಅಂದರು. ಆ ಸಣ್ಣ ಡಬ್ಬಿಯ ಸದ್ದು ಯಾವ ಲೆಕ್ಕ ಅಂತ ನಾವು ನಕ್ಕೆವು. ನಕ್ಕ ಮೇಲೆ ನನಗೆ ಒಳಗೇ ಸ್ವಲ್ಪ ಭಯವಾಯಿತು.

ನಾಲ್ಕನೇ ಶನಿವಾರದ ಹೊತ್ತಿಗೆ ಹೊಸ ಬ್ರಿಡ್ಜು ಕೂತು ನಾಲ್ಕು ದಿನವಾಗಿತ್ತು. ಬಂಡೆಯ ಹಾಗೆ ಕೂತಿತ್ತು. ಆ ಡಾಕ್ಟರಮ್ಮನ ಕೈಕೆಲಸಕ್ಕೆ ಯಾವ ಟರ್ನರನೂ ತಲೆಬಾಗಬೇಕು. ಚಿಕ್ಕಪ್ಪ ಬೆಳಗ್ಗೆಯೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಒಳಗೆ ಕೂರಲೊಲ್ಲದೆ ಬಾಗಿಲ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಶಂಖ ತುಟಿಗಿಟ್ಟು ಊದಿದೆ. ಎಷ್ಟು ವರ್ಷದಿಂದ ಹಾಗೆ ಊದಿರಲಿಲ್ಲ! ಬೀದಿನಾಯಿಗಳು ಓಟ ಕಿತ್ತವು, ಎದುರು ಮನೆಯವರು ಬಾಲ್ಕನಿಗೆ ಬಂದರು. ಒಂದು ಸಲ, ಎರಡು ಸಲ. ಚಿಕ್ಕಪ್ಪ ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದರು. ಮೂರನೆಯದಕ್ಕೆ ಉಸಿರು ಸಾಲಲಿಲ್ಲ. ಶಂಖ ತುಟಿಯಲ್ಲೇ ಇತ್ತು, ಕೆನ್ನೆ ಉಬ್ಬಿತ್ತು, ಸುಮ್ಮನೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೆ.

"ಗೋವಿಂದಾ! ಕೇಳ್ತು ಕಣ್ಲಾ," ಅಂದರು ಚಿಕ್ಕಪ್ಪ, ಎರಡೂ ಕೈ ಎತ್ತಿ ಮುಗಿದು. "ಎಲ್ಲಕ್ಕಿಂತ ಇದೇ ಚೆನ್ನಾಗಿ ಕೇಳ್ತು."

ನಾನಿನ್ನೂ ಊದಿರಲಿಲ್ಲ.

ಜಯಮ್ಮ ಆರತಿ ತಟ್ಟೆ ಹಿಡಿದು ಒಳಗೆ ಹೋದಳು. ಚಿಕ್ಕಪ್ಪ ನನ್ನನ್ನು ನೋಡಿ ನಗುತ್ತಲೇ ಇದ್ದರು, ಮಗುವಿಗೆ ಹೆದರಬೇಡ ಅನ್ನುವ ಹಾಗೆ. ಅವರ ಕಿವಿ ಯಾವಾಗ ಹೋಯಿತೋ ನನಗೆ ಗೊತ್ತಿಲ್ಲ. ಈ ಮೂರು ವಾರದಲ್ಲೇ ಹೋಗಿರಬಹುದು. ಹಾಗಿದ್ದರೆ ನಾನು ನಟಿಸಿದ ಆ ಶನಿವಾರ ನಿಜವಾಗಿ ಊದಿದ್ದರೆ ಅವರಿಗೆ ಕೇಳುತ್ತಿತ್ತು, ಕೊನೆಯ ಸಲ ಕೇಳುತ್ತಿತ್ತು. ನಾನು ಕೊಡಲಿಲ್ಲ. ಇದಕ್ಕೆ ಯಾವ ಡಾಕ್ಟರೂ ಏನೂ ಮಾಡುವ ಹಾಗಿಲ್ಲ. ನನಗೆ ಅಳು ಬಂತು, ಬಾಡಿಗೆಯವರ ಮುಂದೆಯೇ ಅತ್ತೆ.

ಅವರ ಕುರ್ಚಿಯ ಪಕ್ಕ ನೆಲಕ್ಕೆ ಕೂತೆ. ಮಿಷನ್ನಿನ ಸದ್ದಿನಲ್ಲಿ ಏನೂ ಕೇಳದಾಗ ನಾವು ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ಅಂತ ಕೈಯಿಟ್ಟು ನೋಡುವುದುಂಟು. ಕಿವಿಗೆ ಸಿಗದ್ದು ಅಂಗೈಗೆ ಸಿಗುತ್ತದೆ. ಚಿಕ್ಕಪ್ಪನ ಬಲಗೈ ಹಿಡಿದು ಶಂಖದ ಹೊಟ್ಟೆಯ ಮೇಲೆ ಒತ್ತಿಟ್ಟೆ. ಮೆಲ್ಲಗೆ ಶುರುಮಾಡಿ ಉಸಿರು ಮುಗಿಯುವವರೆಗೆ ಊದಿದೆ.

ಅವರ ಕೈ ಬೆಚ್ಚಿಬಿತ್ತು. ನಗು ನಿಂತುಹೋಯಿತು. ಇನ್ನೊಂದು ಕೈಯನ್ನೂ ತಂದು ಶಂಖಕ್ಕೆ ಒತ್ತಿದರು, ಕಣ್ಣು ಮುಚ್ಚಿದರು. ಸದ್ದು ನಿಂತ ಮೇಲೂ ಕೈ ತೆಗೆಯಲಿಲ್ಲ.

"ಸುಳ್ಳು ಯೋಳ್ದೆ ಕಣ್ಲಾ ರಂಗ, ಆಗ ಕೇಳ್ಲಿಲ್ಲ," ಅಂದರು. "ಇವಾಗ ಕೇಳ್ತು. ಇನ್ನೊಂದ್ ಕಿತ ಊದು."